ಬಾಕಿ ಇದ್ದವಳು ‘ಒಲ್ಲೆ’ ಅನ್ನಬಲ್ಲಳೇ?

ಇಳಕಲ್‌ನ ಓದುಗರೊಬ್ಬರು ನಮ್ಮಲ್ಲಿ ಪ್ರಕಟವಾಗುತ್ತಿರುವ ಧಾರಾವಾಹಿಯ ಬಗ್ಗೆ ದೀರ್ಘ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಮುಖ್ಯ ಭಾಗ ಇದು:

“ನಮ್ಮದು ನೇಕಾರರ ಮನೆ. ನಮ್ಮವ್ವ ಕೈಯಾಡುವ ತನಕ ಕಂಡಿಕಿ (ಲಾಳಿಗೆ ಹಾಕುವ ನೂಲಿನ ಸುರುಳಿ) ಸುತ್ತಿದಳು. ಹಾಗಾಗಿ ನಿಮ್ಮ ಧಾರಾವಾಹಿಯನ್ನು ಮೊದಲ ಕಂತಿನಿಂದ ಬಿಡದೆ ಓದುತ್ತಿದ್ದೇನೆ. ಸಾಹುಕಾರರ ಮಗ, ಅವನ ಹೆಂಡತಿ, ಅವರ ಮಗ್ಗದಲ್ಲಿ ಕೂಲಿಗೆ ನೇಯುವ ಹೆಣ್ಣುಮಗಳು, ಈ ಮೂವರೂ ಒಬ್ಬರಿಗೊಬ್ಬರು ಮನಸೋತು ಒಂದೇ ಸೂರಿನಡಿ ಬಾಳಲು ಹೊರಟಿದ್ದಾರೆ. ಇಂಥದ್ದು ಬೆಂಗಳೂರು, ಮುಂಬೈಯಲ್ಲಿ ನಡೆದೀತು. ನಮ್ಮ ಸೀಮೆಯದ್ದಲ್ಲ. ನಮ್ಮ ಕಡೆ ಇದ್ದದ್ದು ಉಳ್ಳವರು ಇಲ್ಲದವಳನ್ನು ಇಟ್ಟುಕೊಳ್ಳುವುದು. ಅದನ್ನೇ ನೀವು ಪ್ರೀತಿ ಅಂತ ಕರೆಯುತ್ತಿದ್ದೀರಿ. ಇನ್ನೊಂದು ಮಾತು. ಪ್ರೀತಿಯ ಕಥೆಯಲ್ಲಿ ಕೂಲಿ, ಬಾಕಿ, ಮುಂಗಡ ಅಂತ ಇಷ್ಟೊಂದು ಲೆಕ್ಕ ಯಾಕೆ? ಹೋದ ಕಂತಿನಲ್ಲಿ ಆಕೆ ಬೇರೆ ಸಾಹುಕಾರನ ಕಡೆ ನೇಯಲು ಹೋಗಿಬಿಟ್ಟಳು. ಅವರಿಬ್ಬರೂ ಅಷ್ಟು ಹಚ್ಚಿಕೊಂಡ ಮೇಲೆ ಇದು ದ್ರೋಹ ಅಲ್ಲವೇ? ಕೊನೆಗೆ ಇವರಿಗೆ ತಕ್ಕ ಶಿಕ್ಷೆ ಆಗಲೇಬೇಕು, ಇಲ್ಲದಿದ್ದರೆ ಓದುವ ಮಕ್ಕಳಿಗೆ ನಾವು ಏನು ಹೇಳಿದ ಹಾಗಾಯಿತು?”

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಭಾರವಾದ ಮಾತು ‘ಇಟ್ಟುಕೊಳ್ಳುವುದು’. ಅಲ್ಲಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದಕ್ಕೆ ಉತ್ತರ ಸಿಗದಿದ್ದರೆ ಉಳಿದದ್ದನ್ನು ಮಾತಾಡಿ ಉಪಯೋಗವಿಲ್ಲ.

ನೀವು ಹೇಳಿದ್ದು ನಿಜ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳ ಹಳೆಯ ವಾಡೆಗಳ ನೆನಪಿನಲ್ಲಿ ಅಂಥ ಹೆಣ್ಣುಮಗಳೊಬ್ಬಳು ಇದ್ದೇ ಇರುತ್ತಾಳೆ. ಊರ ಹೊರಗೊಂದು ಮನೆ, ವರ್ಷಕ್ಕೆ ಇಷ್ಟು ಜೋಳ, ಬಾಯಿಮಾತಿನಲ್ಲಿ ಕೊಟ್ಟ ಒಂದು ತುಂಡು ಹೊಲ. ಯಜಮಾನ ಕಣ್ಣು ಮುಚ್ಚಿದ ಮೇಲೆ ಮಕ್ಕಳು ಬಂದು ಬೀಗ ಹಾಕಿದರೆ ಅವಳ ಪರವಾಗಿ ಒಂದು ಕಾಗದವೂ ಇರುತ್ತಿರಲಿಲ್ಲ. ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಹುಡುಗಿಯರ ಪಾಡು ಇದಕ್ಕಿಂತ ಕಡೆ. ಅವರಲ್ಲಿ ಹೆಚ್ಚಿನವರು ದಲಿತ ಕೇರಿಗಳ ಬಡ ಮನೆಗಳಿಂದ ಬಂದವರು. ಆ ಪದ್ಧತಿಯನ್ನು ನಿಷೇಧಿಸುವ ಕರ್ನಾಟಕದ ಕಾಯ್ದೆ 1982ರದು, ಅಂದರೆ ನಮ್ಮಲ್ಲಿ ಅನೇಕರು ಬದುಕಿರುವಾಗಲೇ ಬಂದದ್ದು. ಈ ನೆಲದಲ್ಲಿ ಕೂತು ಉಳ್ಳವರ ಮನೆ ಮತ್ತು ಇಲ್ಲದ ಹೆಣ್ಣಿನ ನಡುವೆ ಪ್ರೀತಿಯ ಕಥೆ ಬರೆಯುವವರು ಆ ಹೆಂಗಸರನ್ನು ಮರೆತು ಬರೆಯುವಂತಿಲ್ಲ. ಮರೆತರೆ ಅದು ಸುಳ್ಳು ಕಥೆ.

ಹಾಗಾದರೆ ಇದು ಬೇರೆ ಅಂತ ಹೇಗೆ ತಿಳಿಯುವುದು? ನನ್ನ ಮಟ್ಟಿಗೆ ಅಳತೆ ಒಂದೇ. ಕಡಿಮೆ ಇರುವವಳು ‘ಒಲ್ಲೆ’ ಅಂದರೆ ನಾಳೆ ಅವಳ ಒಲೆ ಹೊತ್ತುತ್ತದೆಯೇ? ಹೊತ್ತುತ್ತದೆ ಅಂದರೆ ಅವಳ ‘ಹೂಂ’ಗೆ ಬೆಲೆ ಇದೆ. ಇಲ್ಲವಾದರೆ ಅವರ ನಡುವೆ ಎಷ್ಟೇ ಒಳ್ಳೆಯ ಮಾತು ನಡೆಯಲಿ, ಎಷ್ಟೇ ಕಣ್ಣೀರು ಹರಿಯಲಿ, ಅದು ಕೂಲಿಯದೇ ಇನ್ನೊಂದು ಕೆಲಸ. ಮೂವರು ಅನ್ನುವ ಸಂಖ್ಯೆಗಿಂತ ನನಗೆ ಈ ಪ್ರಶ್ನೆ ದೊಡ್ಡದು. ಇಬ್ಬರೇ ಇದ್ದ ಎಷ್ಟೋ ಮರ್ಯಾದಸ್ತ ಮದುವೆಗಳು ಈ ಅಳತೆಯಲ್ಲಿ ನಿಲ್ಲುವುದಿಲ್ಲ.

ಬಾಕಿ ಲೆಕ್ಕ ಕಾದಂಬರಿಯೊಳಗೆ ಬಂದದ್ದು ಇದೇ ಕಾರಣಕ್ಕೆ. ನಿಮಗೆ ನಾನು ವಿವರಿಸಬೇಕಾಗಿಲ್ಲ, ಆದರೆ ಉಳಿದ ಓದುಗರಿಗಾಗಿ ಹೇಳುತ್ತೇನೆ. ನೂಲು ಸಾಹುಕಾರನದು, ರೇಷ್ಮೆ ಸಾಹುಕಾರನದು, ಯಾವ ದಡಿ, ಯಾವ ಬಣ್ಣದ ಒಡಲು ಅಂತ ಹೇಳುವವನೂ ಅವನೇ. ನೇಕಾರನಿಗೆ ಸೀರೆಗಿಷ್ಟು ಅಂತ ಕೂಲಿ. ಮನೆಯಲ್ಲಿ ಮದುವೆ ಬಂತು, ಕಾಯಿಲೆ ಬಂತು, ಮಳೆಗಾಲದಲ್ಲಿ ಕುಣಿ ಮಗ್ಗದ ಕುಣಿಗೆ ನೀರು ಬಂತು ಅಂದರೆ ಮುಂಗಡ. ಮುಂಗಡ ಪುಸ್ತಕದಲ್ಲಿ ಏರಿ ಬಾಕಿ ಆಗುತ್ತದೆ. ವಾರದ ಬಟವಾಡೆಯಲ್ಲಿ ಇಷ್ಟಿಷ್ಟು ಮುರಿದುಕೊಂಡರೂ ಅದು ಪೂರಾ ಹರಿಯುವುದು ಅಪರೂಪ, ಯಾಕೆಂದರೆ ಹರಿಯುವ ಮುಂಚೆ ಇನ್ನೊಂದು ಮದುವೆಯೋ ಇನ್ನೊಂದು ಕಾಯಿಲೆಯೋ ಬಂದಿರುತ್ತದೆ. ಬಾಕಿ ಇದ್ದವರು ಇನ್ನೊಬ್ಬರ ಕಡೆ ನೇಯಲು ಹೋಗುವುದು ಸುಲಭವಲ್ಲ. ಸಾಲದ ಹೆಸರಿನಲ್ಲಿ ಮನುಷ್ಯರನ್ನು ದುಡಿಮೆಗೆ ಕಟ್ಟಿಹಾಕುವುದನ್ನು 1976ರ ಜೀತ ನಿರ್ಮೂಲನ ಕಾಯ್ದೆ ಅಪರಾಧ ಅನ್ನುತ್ತದೆ. ಆದರೆ ಓಣಿಯಲ್ಲಿ ಬಾಯಿಮಾತಿನ ಕಟ್ಟು ಕಾಯ್ದೆಗಿಂತ ಗಟ್ಟಿ.

ಈಗ ನೀವು ದ್ರೋಹ ಅಂದ ಆ ಕಂತನ್ನು ಇನ್ನೊಮ್ಮೆ ನೋಡಿ. ಮನೆಯ ಸೊಸೆ ಬಾಕಿ ಪುಸ್ತಕ ತಂದು ಆಕೆಯ ಎದುರಿಗೆ ಇಡುತ್ತಾಳೆ. “ಇದನ್ನ ಹರಿದು ಒಲಿಗೆ ಹಾಕೂಣು” ಅನ್ನುತ್ತಾಳೆ. ಸಾಧಾರಣ ಪ್ರೇಮಕಥೆ ಅಲ್ಲಿಗೆ ಮುಗಿಯುತ್ತಿತ್ತು. ಹಾಳೆ ಸುಡುತ್ತಿತ್ತು, ಇಬ್ಬರೂ ಅಪ್ಪಿಕೊಳ್ಳುತ್ತಿದ್ದರು. ಇಲ್ಲಿ ನೇಯುವವಳು ಪುಸ್ತಕವನ್ನು ಮುಚ್ಚಿ ವಾಪಸು ಕೊಟ್ಟು ಹೇಳುತ್ತಾಳೆ: “ನೀವು ಸುಟ್ರ ನಾ ನಿಮ್ಮ ಋಣದಾಗ ಉಳೀತೀನ್ರಿ. ನಾ ದುಡದು ಹರಕೋತೀನಿ. ಆಮ್ಯಾಲೆ ಬರ್ತೀನೋ ಇಲ್ಲೋ ನೋಡೂಣು.” ಆ ‘ಇಲ್ಲೋ’ ಬಂದ ಸಾಲಿನ ಪಕ್ಕ ನಾನು ಹಸ್ತಪ್ರತಿಯಲ್ಲಿ ಗೆರೆ ಎಳೆದಿದ್ದೇನೆ. ಅವಳು ಬೇರೆ ಸಾಹುಕಾರನ ಕಡೆ ಹೋಗಿ, ಇನ್ನೂ ಕಡಿಮೆ ಕೂಲಿಗೆ ನೇಯುತ್ತ, ಈ ಮನೆಯ ಬಾಕಿಯನ್ನು ಸೀರೆ ಸೀರೆಯಾಗಿ ತೀರಿಸುತ್ತಾಳೆ. ಪ್ರೀತಿಸಿದವರನ್ನು ಬಿಟ್ಟು ಹೋದಳು ಅಂತ ನಿಮಗೆ ಕಂಡಿತು. ಅವರನ್ನು ಧಣಿಗಳ ಸ್ಥಾನದಿಂದ ಇಳಿಸಿ ಬರೀ ಮನುಷ್ಯರನ್ನಾಗಿ ನೋಡಲು ಅವಳಿಗಿದ್ದ ದಾರಿ ಅದೊಂದೇ. ಈ ಕಾದಂಬರಿಯನ್ನು ಪ್ರಕಟಿಸಲೇಬೇಕು ಅಂತ ನಾನು ತೀರ್ಮಾನಿಸಿದ್ದು ಈ ಅಧ್ಯಾಯ ಓದಿದ ಮೇಲೆ.

ಇನ್ನೊಂದು ದೃಶ್ಯವನ್ನೂ ನೆನಪಿಸುತ್ತೇನೆ, ನಿಮ್ಮ ಪತ್ರದಲ್ಲಿ ಅದರ ಮಾತು ಬರಲಿಲ್ಲ. ಸೊಸೆ ಕೊಂಡಿ ಹಾಕುವುದನ್ನು ಕಲಿಯುವ ದೃಶ್ಯ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಬೇಕು. ಆ ಸೀರೆಗೆ ಜಿಐ (ಭೌಗೋಳಿಕ ಗುರುತಿನ) ಮಾನ್ಯತೆ ತಂದ ವಿಶೇಷಗಳಲ್ಲಿ ಇದೂ ಒಂದು. ಬೆಳಗಾವಿಯಿಂದ ಬಂದ ಸೊಸೆ ಆ ಸೀರೆಗಳನ್ನು ಉಟ್ಟವಳು, ಮಾರಾಟದ ಲೆಕ್ಕ ಬರೆದವಳು, ಕೊಂಡಿಯನ್ನು ಮಾತ್ರ ಹತ್ತಿರದಿಂದ ನೋಡಿದವಳಲ್ಲ. ನೇಯುವವಳ ಪಕ್ಕ ನೆಲಕ್ಕೆ ಕೂತು ಎಳೆ ಹಿಡಿಯುತ್ತಾಳೆ. ತಪ್ಪುತ್ತದೆ, ಮತ್ತೆ ಹಿಡಿಯುತ್ತಾಳೆ. ಅವಳ ಬೆರಳಿಗೆ ಎಣ್ಣೆ ಹಚ್ಚಿಕೊಂಡ ಜಿಡ್ಡಿದೆ, ಎಳೆ ಜಾರುತ್ತದೆ. ನೇಯುವವಳು ಮಾತಾಡದೆ ಆ ಬೆರಳುಗಳನ್ನು ತನ್ನ ಸೆರಗಿನಿಂದ ಒರೆಸುತ್ತಾಳೆ. ಅಷ್ಟೇ. ಇಬ್ಬರ ನಡುವೆ ಮೊದಲ ಸಲ ಏನೋ ಹುಟ್ಟಿತು ಅಂತ ಲೇಖಕಿ ಎಲ್ಲೂ ಬರೆದಿಲ್ಲ. ಕೆಲಸ ಗೊತ್ತಿರುವವಳು ಆ ಹೊತ್ತಿಗೆ ಮೇಲಿನವಳು, ಮನೆ ಉಳ್ಳವಳು ಕಲಿಯುವವಳು. ಪ್ರೀತಿ ಹುಟ್ಟಲು ಲೇಖಕಿ ಆರಿಸಿಕೊಂಡ ಗಳಿಗೆ ಅದು. ಒಳ್ಳೆಯ ಆಯ್ಕೆ.

‘ನಮ್ಮ ಸೀಮೆಯದ್ದಲ್ಲ’ ಅಂದಿರಿ. ಇದನ್ನು ನಾನು ಒಪ್ಪುವುದಿಲ್ಲ. ಬೈಲಹೊಂಗಲದ ಕಡೆಯಿಂದ ಬಂದ ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನು, ಅಂದರೆ ನಮ್ಮ ಕಡೆಯ ಜನಪದ ನಾಟಕವನ್ನು, ನಮ್ಮ ಅಜ್ಜ ಅಜ್ಜಿಯರು ಬೆಳತನಕ ಕೂತು ನೋಡಿದ್ದಾರೆ. ಗಂಗಿಗೆ ಗಂಡನಿದ್ದಾನೆ, ಪ್ರಿಯಕರ ಸಂಗ್ಯಾನೂ ಇದ್ದಾನೆ. ನೋಡಲು ಬಂದ ಹೆಂಗಸರು ಅರ್ಧಕ್ಕೆ ಎದ್ದು ಹೋಗಲಿಲ್ಲ. ನಿಮ್ಮ ಊರಿನಿಂದ ಕೂಡಲಸಂಗಮ ದೂರವಿಲ್ಲ. ಸಮಗಾರ ಹರಳಯ್ಯನ ಮಗ ಮತ್ತು ಬ್ರಾಹ್ಮಣ ಮಧುವರಸನ ಮಗಳ ಮದುವೆಗೆ ಕಲ್ಯಾಣದಲ್ಲಿ ಏನಾಯಿತು ಅಂತ ಅಲ್ಲಿಗೆ ಹೋಗುವ ಪ್ರತಿ ಭಕ್ತನಿಗೂ ಗೊತ್ತು. ಮೇಲು-ಕೀಳಿನ ಗೆರೆ ದಾಟಿದ ಪ್ರೀತಿಯ ಕಥೆ ನಮಗೆ ಹೊರಗಿನಿಂದ ಬರಬೇಕಾಗಿಲ್ಲ. ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಪ್ರೀತಿಸುವುದು ಇಲ್ಲಿಯದಲ್ಲ ಅನ್ನುವವರಿಗೂ ಇದೇ ಉತ್ತರ. ನಾವು ನೋಡಿದ್ದೇವೆ, ಹೆಸರಿಟ್ಟು ಕರೆದಿಲ್ಲ.

ಕಾನೂನಿನ ಮಾತನ್ನೂ ಕೆಲವರು ಎತ್ತಿದ್ದಾರೆ. 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎರಡು ತೀರ್ಪು ಕೊಟ್ಟಿತು. 6ನೇ ತಾರೀಕು ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲ ಅಂದಿತು, 27ನೇ ತಾರೀಕು ಭಾರತೀಯ ದಂಡ ಸಂಹಿತೆಯಲ್ಲಿದ್ದ ವ್ಯಭಿಚಾರದ 497ನೇ ಕಲಮನ್ನು ತೆಗೆದುಹಾಕಿತು. ಹಾಗಾಗಿ ಎರಡನೇ ಮದುವೆ ಮಾಡಿಕೊಳ್ಳದೆ ಕೂಡಿ ಬಾಳಿದರೆ ಈ ಮೂವರನ್ನು ಇಂದು ಜೈಲಿಗೆ ಹಾಕುವ ಕಾಯ್ದೆ ಇಲ್ಲ. ಆದರೆ 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಮೊದಲ ಹೆಂಡತಿ ಇರುವಾಗ ಎರಡನೇ ಮದುವೆ ಊರ್ಜಿತವಲ್ಲ. ಮೂರನೆಯವಳಾಗಿ ಬರುವವಳಿಗೆ ಆಸ್ತಿಯಲ್ಲಿ ಹೆಂಡತಿಯ ಪಾಲು ಇಲ್ಲ. ನಾಳೆ ಮನೆಯ ಯಜಮಾನನಿಗೆ ಏನಾದರೂ ಆದರೆ ಅವಳು ಮತ್ತೆ ಓಣಿಯ ಮೂಲೆಗೆ. ಮುಂದಿನ ಕಂತಿನಲ್ಲಿ ಅವಳು ತಾಳಿ ಕೇಳುವುದಿಲ್ಲ, ಮಗ್ಗ ಮತ್ತು ಮಗ್ಗ ನಿಂತ ಜಾಗವನ್ನು ತನ್ನ ಹೆಸರಿಗೆ ನೋಂದಣಿ ಮಾಡಿಸಿಕೊಡಿ, ಅದರ ಬೆಲೆಯನ್ನು ನಾನು ಕಟ್ಟುತ್ತೇನೆ ಅನ್ನುತ್ತಾಳೆ. ಕಥೆಯನ್ನು ಮುಂಚೆಯೇ ಹೇಳಿಬಿಟ್ಟೆ, ಆದರೆ ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಇರಲಿಲ್ಲ.

ಕಾದಂಬರಿಯಲ್ಲಿ ನನಗೆ ತೃಪ್ತಿಯಾಗದ ಭಾಗವೂ ಇದೆ, ಅದು ಗಂಡಸಿನದು. ಅವನು ಒಳ್ಳೆಯವನು, ಬೇಕಾದ್ದಕ್ಕಿಂತ ಹೆಚ್ಚು ಒಳ್ಳೆಯವನು. ಇಬ್ಬರೂ ಹೆಂಗಸರು ಏನಾದರೊಂದನ್ನು ಪಣಕ್ಕಿಡುತ್ತಾರೆ. ಸೊಸೆಯನ್ನೇ ನೋಡಿ. ಓದುಗರು ಅವಳನ್ನು ಶ್ರೀಮಂತೆ ಅಂತ ಲೆಕ್ಕ ಹಾಕಿದ್ದಾರೆ, ಆದರೆ ಮನೆ ಮಾವನ ಹೆಸರಿನಲ್ಲಿದೆ, ವ್ಯಾಪಾರ ಗಂಡನದು, ಅವಳದು ಅಂತ ಇರುವುದು ತವರಿನ ಬಂಗಾರ ಮಾತ್ರ. ಗಂಡ ಬೇಡ ಅಂದ ದಿನ ಅವಳ ಸಾಹುಕಾರಿಕೆ ಮುಗಿಯಿತು. ಅಂಥವಳು ಈ ಹೆಜ್ಜೆ ಇಡುವುದಕ್ಕೆ ಎದೆ ಬೇಕು. ಗಂಡಸು ಮಾತ್ರ ಮೂರು ಕಂತಿನ ತುಂಬ ಮಾಳಿಗೆಯ ಮೇಲೆ ನಿಂತು ಸಂಕಟಪಡುತ್ತಾನೆ. ಅಪ್ಪನ ಎದುರು ಒಂದು ಮಾತು ಆಡುವುದಿಲ್ಲ, ಕೂಲಿ ಒಂದು ರೂಪಾಯಿ ಏರಿಸುವುದಿಲ್ಲ. ಉಳಿದ ನೇಕಾರರಿಗೆ ಹಳೆಯ ದರವನ್ನೇ ಕೊಡುತ್ತ, ಒಬ್ಬ ನೇಕಾರಳನ್ನು ಮಾತ್ರ ಪ್ರೀತಿಸುತ್ತೇನೆ ಅನ್ನುವವನನ್ನು ನಾನು ಹೇಗೆ ನಂಬಲಿ? ಇದನ್ನು ಲೇಖಕಿಗೆ ಬರೆದಿದ್ದೇನೆ. ನಿಮ್ಮ ಸಿಟ್ಟು ಮೂವರ ಮೇಲೂ ಹರಿದಿದೆ, ಅದರಲ್ಲಿ ಹೆಚ್ಚಿನ ಪಾಲು ಇವನಿಗೆ ಹೋಗಬೇಕು ಅಂತ ನನ್ನ ಅಭಿಪ್ರಾಯ.

ಕೊನೆಯದಾಗಿ ಶಿಕ್ಷೆಯ ವಿಷಯ. ‘ಸಂಗ್ಯಾ ಬಾಳ್ಯಾ’ ಕೊಲೆಯಲ್ಲಿ ಮುಗಿಯುತ್ತದೆ, ಸಾಯುವವನು ಸಂಗ್ಯಾ. ನಮ್ಮ ಕಚೇರಿಗೆ ಬರುವ ಪ್ರೇಮ ಕಾದಂಬರಿಗಳಲ್ಲಿ ಮಾತ್ರ ಲೆಕ್ಕ ಬೇರೆ. ಮೂವರಿದ್ದರೆ ಒಬ್ಬರು ಸಾಯಲೇಬೇಕು, ಸಾಯುವವರು ಬಡವರೇ ಆಗಿರಬೇಕು. ಒಬ್ಬಳಿಗೆ ಕ್ಷಯ, ಒಬ್ಬಳಿಗೆ ಬಾವಿ, ಒಬ್ಬಳು ಹೆರಿಗೆಯಲ್ಲಿ ಮಗುವನ್ನು ದೊಡ್ಡಮನೆಯ ಮಡಿಲಿಗಿಟ್ಟು ಕಣ್ಣು ಮುಚ್ಚುತ್ತಾಳೆ. ಉಳಿದ ಇಬ್ಬರು ಅವಳ ಫೋಟೊಗೆ ಹಾರ ಹಾಕಿ ಸುಖವಾಗಿರುತ್ತಾರೆ. ಇದನ್ನು ಓದಿ ಓದಿ ನನಗೆ ಸಂಕಟವಾಗಿದೆ. ಈ ಲೇಖಕಿಗೆ ನಾನು ಇಟ್ಟ ಷರತ್ತು ಒಂದೇ: ಕಥೆ ಮುಗಿಸುವುದಕ್ಕೋಸ್ಕರ ಆಕೆಯನ್ನು ಕೊಲ್ಲಬೇಡಿ. ಮೂವರೂ ಕೂಡಿ ಬಾಳುತ್ತಾರೋ, ಇಬ್ಬರಾಗುತ್ತಾರೋ, ಮೂರು ದಿಕ್ಕಾಗುತ್ತಾರೋ ಅದು ಅವರಿಗೆ ಬಿಟ್ಟದ್ದು. ಆದರೆ ನೇಯುವವಳು ಕೊನೆಯ ಪುಟದಲ್ಲಿ ಬದುಕಿರಬೇಕು, ಅವಳ ಕೈಯಲ್ಲಿ ಅವಳ ಕೆಲಸ ಇರಬೇಕು. ಮಕ್ಕಳು ಏನು ಕಲಿಯುತ್ತಾರೆ ಅಂದಿರಿ. ನಮ್ಮ ಮನೆಯ ಹುಡುಗಿಯರು ಯಾರಿಗೇ ಮನಸ್ಸು ಕೊಡುವ ಮುಂಚೆ ತಮ್ಮ ಹೆಸರಿನಲ್ಲಿ ಏನಿದೆ, ತಾವು ಒಲ್ಲೆ ಅಂದರೆ ಎಲ್ಲಿ ನಿಲ್ಲುತ್ತೇವೆ ಅಂತ ಯೋಚಿಸುವುದನ್ನು ಈ ಕಾದಂಬರಿಯಿಂದ ಕಲಿತರೆ ನಾನು ಸಂತೋಷಪಡುತ್ತೇನೆ.

ಧಾರಾವಾಹಿ ನಿಲ್ಲಿಸಿ ಅಂತ ಬೇರೆ ಕೆಲವರೂ ಬರೆದಿದ್ದಾರೆ. ನಿಲ್ಲಿಸುವುದಿಲ್ಲ, ಉಳಿದ ಕಂತುಗಳು ಇದೇ ಕ್ರಮದಲ್ಲಿ ಬರುತ್ತವೆ. ನಿಮ್ಮಿಂದ ಒಂದು ಅನುಮತಿ ಬೇಕು. ನಿಮ್ಮ ಪತ್ರದ ಐದನೇ ಪುಟದಲ್ಲಿ, ನಿಮ್ಮವ್ವ ಸುತ್ತಿದ ಕಂಡಿಕಿಗೆ ಯಾವ ಪುಸ್ತಕದಲ್ಲೂ ಕೂಲಿ ಬರೆಯುತ್ತಿರಲಿಲ್ಲ, ಸೀರೆಯ ಕೂಲಿ ಅಪ್ಪನ ಹೆಸರಿನಲ್ಲೇ ಬರುತ್ತಿತ್ತು ಅಂತ ಬರೆದಿದ್ದೀರಿ. ಕಾದಂಬರಿಯಲ್ಲಿ ಕಂಡಿಕಿ ಸುತ್ತುವ ಹೆಂಗಸರು ಇನ್ನೂ ಕಾಣಿಸಿಕೊಂಡೇ ಇಲ್ಲ. ಹೆಸರು ತೆಗೆದು ಆ ಪುಟವನ್ನು ಲೇಖಕಿಗೆ ಕಳಿಸಲೇ? ಪುಸ್ತಕವಾಗಿ ಅಚ್ಚಿಗೆ ಹೋಗುವ ಮುಂಚೆ ಅವರು ಅದನ್ನು ಓದಲೇಬೇಕು. ಒಂದು ಕಾರ್ಡು ಬರೆದರೆ ಸಾಕು.