ಮುಂದೆ ಬರುವ ಆಸೆ ಹೆಣ್ಣಿಗೆ ಒಪ್ಪುವುದಿಲ್ಲವೇ?

ಪ್ರಶ್ನೆ: ಕಚೇರಿಯಲ್ಲಿ ಮೇಲಿನ ಹುದ್ದೆಗೆ ಅರ್ಜಿ ಹಾಕಿ ಎಂದು ಎಷ್ಟು ಹೇಳಿದರೂ ನನ್ನ ಪತಿ ಹಿಂಜರಿಯುತ್ತಿದ್ದರು. ಸಿಟ್ಟಿನಲ್ಲಿ ‘ನೀವು ಗಂಡಸಾಗಿದ್ದರೆ ಹೀಗೆ ಹೆದರುತ್ತಿರಲಿಲ್ಲ’ ಎಂದುಬಿಟ್ಟೆ. ಕೇಳಿಸಿಕೊಂಡ ನಾದಿನಿ ಎಲ್ಲರೆದುರು ನನ್ನನ್ನು ‘ಲೇಡಿ ಮ್ಯಾಕ್‌ಬೆತ್’ ಎಂದು ಹಂಗಿಸಿದರು. ಮದುವೆಯಾದ ಮೇಲೆ ನಾನು ನೌಕರಿ ಬಿಟ್ಟವಳು. ಮುಂದೆ ಬರಬೇಕೆಂಬ ಆಸೆಯೇ ನನ್ನ ತಪ್ಪೇ?

ಉತ್ತರ: ಖಂಡಿತ ಅಲ್ಲ, ಸೋದರಿ. ನಿಮ್ಮ ನಾದಿನಿಗೆ ‘ಮ್ಯಾಕ್‌ಬೆತ್’ ನಾಟಕದ ಅರ್ಧವಷ್ಟೇ ನೆನಪಿದ್ದಂತಿದೆ. ಷೇಕ್ಸ್‌ಪಿಯರ್ 1606ರ ಸುಮಾರಿಗೆ ಬರೆದ ಆ ದುರಂತದಲ್ಲಿ, ‘ನೀನು ದೊರೆಯಾಗುವೆ’ ಎಂಬ ಮಾಟಗಾತಿಯರ ಮಾತು ಕೇಳಿದಾಗಲೇ ಸೇನಾನಿ ಮ್ಯಾಕ್‌ಬೆತ್‌ನ ತಲೆಯಲ್ಲಿ ಕೊಲೆಯ ಯೋಚನೆ ಸುಳಿಯುತ್ತದೆ. ಅವನನ್ನು ಕೊಲೆಗೆ ಹುರಿದುಂಬಿಸುವ ಹೆಂಡತಿ, ಲೇಡಿ ಮ್ಯಾಕ್‌ಬೆತ್, ಇನ್ನೂ ರಂಗಕ್ಕೇ ಬಂದಿರುವುದಿಲ್ಲ. ಮುಂದೆ ತನ್ನ ಜೊತೆಗಾರ ಸೇನಾನಿ ಬ್ಯಾಂಕೋನ ಮೇಲೆ ಕೊಲೆಗಡುಕರನ್ನು ಬಿಡುವಾಗ, ಏನು ನಡೆಯಲಿದೆ ಎಂದು ಅವನು ಅವಳಿಗೆ ಹೇಳುವುದೂ ಇಲ್ಲ. ಆದರೂ ದುರಾಸೆ ಎಂದೊಡನೆ ಜನರ ಬಾಯಿಗೆ ಬರುವುದು ಅವಳೇ. ಪಾಪ, ನಾಟಕದಲ್ಲಿ ಅವಳಿಗೆ ಸ್ವಂತದ್ದೊಂದು ಹೆಸರೂ ಇಲ್ಲ.

ಆದರೆ ನೀವು ಪತಿಗೆ ಆಡಿದ ಮಾತು ನನ್ನನ್ನು ಕಾಡುತ್ತಿದೆ. ದೊರೆ ಡಂಕನ್‌ನನ್ನು ಕೊಲ್ಲಲು ಮ್ಯಾಕ್‌ಬೆತ್ ಹಿಂದೆಗೆದಾಗ, ‘ಗಂಡಸಿಗೆ ಒಪ್ಪುವುದನ್ನೆಲ್ಲ ಮಾಡಬಲ್ಲೆ, ಅದನ್ನು ಮೀರಿದವನು ಗಂಡಸೇ ಅಲ್ಲ’ ಎನ್ನುತ್ತಾನೆ. ಎಂಥ ವಿವೇಕದ ಮಾತು! ಅವಳು ಬಿಡುವುದಿಲ್ಲ: ಅದನ್ನು ಮಾಡುವ ಧೈರ್ಯವಿದ್ದಾಗ ನೀನು ಗಂಡಸಾಗಿದ್ದೆ. ಆ ಚುಚ್ಚುಮಾತಿಗೆ ಅವನ ವಿವೇಕ ಸೋಲುತ್ತದೆ. ಅದೇ ನಾಟಕದಲ್ಲಿ ಸರದಾರ ಮ್ಯಾಕ್‌ಡಫ್ ಇದ್ದಾನೆ. ಮಡದಿ ಮಕ್ಕಳು ಹತರಾದ ಸುದ್ದಿ ಬಂದಾಗ ‘ಗಂಡಸಿನಂತೆ ಎದುರಿಸು’ ಎಂದು ಡಂಕನ್‌ನ ಮಗ ಮಾಲ್ಕಮ್ ಹೇಳಿದರೆ, ಎದುರಿಸುತ್ತೇನೆ, ಆದರೆ ಗಂಡಸಿನಂತೆ ಈ ದುಃಖವನ್ನು ಅನುಭವಿಸಲೂ ಬೇಕು ಎನ್ನುತ್ತಾನೆ. ಗಂಡಸುತನದ ಬಗ್ಗೆ ಇಷ್ಟು ಮನುಷ್ಯತ್ವ ತುಂಬಿದ ಮಾತು ಆ ನಾಟಕದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅನಿಸಿಕೆ. ನಿಮ್ಮ ಪತಿ ಯಾಕೆ ಹಿಂಜರಿದರು? ಹೆದರಿಕೆಯೋ, ಆ ಕೆಲಸವೇ ಬೇಡವೋ? ನಿಮ್ಮ ಪತ್ರದಲ್ಲಿ ಅದರ ಸುಳಿವೇ ಇಲ್ಲ.

ಇನ್ನೊಂದು ವಿಷಯ. ನೌಕರಿ ಬಿಟ್ಟದ್ದನ್ನು ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ಆ ಹುದ್ದೆಯ ಆಸೆ ನಿಜವಾಗಿ ಯಾರದು, ಅವರದೋ ನಿಮ್ಮದೋ? ಲೇಡಿ ಮ್ಯಾಕ್‌ಬೆತ್‌ಗೆ ಗಂಡನ ಮೂಲಕವಲ್ಲದೆ ಅಧಿಕಾರಕ್ಕೆ ಬೇರೆ ದಾರಿಯಿರಲಿಲ್ಲ. ನಿಮಗಿದೆ.

ಮೊದಲು ಆ ಒಂದು ಮಾತಿಗಾಗಿ ಪತಿಯ ಕ್ಷಮೆ ಕೇಳಿ, ಅರ್ಜಿಯ ನಿರ್ಧಾರ ಅವರಿಗೇ ಬಿಡಿ. ನಂತರ ನಿಮ್ಮ ಕೆಲಸದ ಮಾತೆತ್ತಿ. ನೀವು ಮತ್ತೆ ದುಡಿಯಲು ಹೊರಟರೆ ಮನೆಯ ಜವಾಬ್ದಾರಿ ಹೇಗೆ ಹಂಚಿಕೊಳ್ಳುವುದೆಂದು ಇಬ್ಬರೂ ಕೂತು ತೀರ್ಮಾನಿಸಿ. ನಾದಿನಿಗೆ ಉತ್ತರ ಕೊಡುವ ಗೋಜಿಗೆ ಈಗ ಹೋಗಬೇಡಿ. ಹಳೆಯ ಸಹೋದ್ಯೋಗಿಗಳಲ್ಲಿ ಸಂಪರ್ಕದಲ್ಲಿರುವವರಿಗೆ ಈ ವಾರವೇ ಫೋನ್ ಮಾಡಿ, ಎಲ್ಲಿ ಅವಕಾಶವಿದೆ ಎಂದು ವಿಚಾರಿಸಿ.