ಆರ್‌ಎಫ್‌ಐಡಿ ದಾಖಲೆ: ಯಾರಿಗೆ ಎಷ್ಟು ತೋರಿಸಬೇಕು?

ಪ್ರಶ್ನೆ: ಬೈಕಂಪಾಡಿಯಲ್ಲಿ ನಮ್ಮ ಗೇರುಬೀಜ ಸಂಸ್ಕರಣಾ ಘಟಕವಿದೆ. ರಫ್ತಿನ ಪ್ರತಿ ಪೆಟ್ಟಿಗೆಗೂ ರೇಡಿಯೊ ಅಲೆಯಿಂದ ಓದಬಹುದಾದ ಆರ್‌ಎಫ್‌ಐಡಿ ಟ್ಯಾಗ್ ಅಂಟಿಸುತ್ತೇವೆ. ಖರೀದಿದಾರರೂ ಲಾರಿ ಸಾಗಣೆಯವರೂ ಟ್ಯಾಗ್ ದಾಖಲೆಯನ್ನು ನೇರವಾಗಿ ನೋಡಬೇಕು ಎನ್ನುತ್ತಿದ್ದಾರೆ. ಎಲ್ಲರಿಗೂ ಒಂದೇ ಲಾಗಿನ್ ಕೊಡಬಹುದೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಖಂಡಿತ ಬೇಡ. ಯಾರು ಏನು ನೋಡಿದರೆಂದು ಗೊತ್ತಾಗುವುದಿಲ್ಲ, ಒಬ್ಬರ ವ್ಯವಹಾರ ಮುಗಿದರೂ ಎಲ್ಲರ ಪಾಸ್‌ವರ್ಡ್ ಬದಲಿಸಬೇಕಾಗುತ್ತದೆ.

ಅದಕ್ಕೂ ಮೊದಲು ನಿಮ್ಮ ಕ್ರಮಸಂಖ್ಯೆ ನೋಡಿ. 1001, 1002 ಎಂದು ಸಾಲಾಗಿ ಬರೆಯುತ್ತಿದ್ದರೆ ಯಾವ ಲಾಗಿನ್ನೂ ಬೇಕಿಲ್ಲ. ಫೆಬ್ರವರಿಯ ಪೆಟ್ಟಿಗೆಯ ಸಂಖ್ಯೆಯಿಂದ ಜನವರಿಯದನ್ನು ಕಳೆದರೆ ನಿಮ್ಮ ತಿಂಗಳ ಉತ್ಪಾದನೆ ಖರೀದಿದಾರರಿಗೆ ಸಿಕ್ಕಿತು. 96 ಬಿಟ್‌ನ ಎಸ್‌ಜಿಟಿಐಎನ್‌ನಲ್ಲಿ (ಸರಕಿನ ಗುರುತೂ ಕ್ರಮಸಂಖ್ಯೆಯೂ ಸೇರಿದ, ಟ್ಯಾಗಿಗೆ ಬರೆಯುವ ಸಂಖ್ಯೆ) ಕ್ರಮಸಂಖ್ಯೆಗೆ 38 ಬಿಟ್ ಇದೆ, ಅಂದರೆ 27,000 ಕೋಟಿಗೂ ಹೆಚ್ಚು ಸಂಖ್ಯೆಗಳು. ರ‍್ಯಾಂಡಮ್ ಆಗಿ ಆರಿಸಿ, ಒಂದೇ ಸಂಖ್ಯೆ ಎರಡು ಬಾರಿ ಬರದಂತೆ ನೋಡಿಕೊಳ್ಳಿ.

ಟ್ಯಾಗಿನಲ್ಲಿ ಬೆಲೆ, ಗ್ರೇಡ್ ಏನೂ ಬೇಡ, ಸಂಖ್ಯೆ ಸಾಕು. ಜೆನ್2 ಎಂಬ ಮಾನದಂಡದ ಟ್ಯಾಗಿನ 32 ಬಿಟ್ ಆಕ್ಸೆಸ್ ಪಾಸ್‌ವರ್ಡ್ ಸಾಮಾನ್ಯವಾಗಿ ಸೊನ್ನೆಯಾಗಿಯೇ ಬರುತ್ತದೆ. ಅದನ್ನು ಬದಲಿಸಿ, ಸಂಖ್ಯೆ ಇರುವ ಇಪಿಸಿ ಭಾಗವನ್ನು ಲಾಕ್ ಮಾಡಿ. ಪಾಸ್‌ವರ್ಡ್‌ಗಳಿರುವ ಭಾಗವನ್ನೂ ಲಾಕ್ ಮಾಡಿ. ಈ ಎರಡನೆಯದನ್ನು ಬಿಟ್ಟರೆ ಯಾರಾದರೂ ಪಾಸ್‌ವರ್ಡ್ ಓದಿಕೊಳ್ಳಬಹುದು, ಹೊಸ ಕಿಲ್ ಪಾಸ್‌ವರ್ಡ್ ಬರೆದು ಟ್ಯಾಗನ್ನೇ ಶಾಶ್ವತವಾಗಿ ಸಾಯಿಸಬಹುದು.

ಡೇಟಾಬೇಸ್ ತೆರೆದುಕೊಡದೆ ಇಪಿಸಿಐಎಸ್ (ಸರಕಿನ ಚಲನವಲನದ ದಾಖಲೆ ಹಂಚುವ ಮಾನದಂಡ) ಮೂಲಕ ಹಂಚಿ. ಲಾರಿಯವರಿಗೆ ಪ್ಯಾಲೆಟ್‌ನ (ಪೆಟ್ಟಿಗೆಗಳನ್ನು ಜೋಡಿಸುವ ಹಲಗೆ) ಎಸ್‌ಎಸ್‌ಸಿಸಿ ಎಂಬ ಗುರುತು ಸಂಖ್ಯೆ, ಹೊರಟ ಸಮಯ ಸಾಕು. ಯಾವ ಪ್ಯಾಲೆಟ್‌ನಲ್ಲಿ ಯಾವ ಪೆಟ್ಟಿಗೆ ಎಂಬ ಅಗ್ರಿಗೇಶನ್ ದಾಖಲೆ ಖರೀದಿದಾರರಿಗೆ ಮಾತ್ರ, ಅದೂ ಅವರ ಸರಕಿನದ್ದು. ಕಚ್ಚಾ ಬೀಜ ಯಾರಿಂದ ಬಂತೆಂಬುದು ಇಬ್ಬರಿಗೂ ಬೇಡ. ಈ ಸೋಸುವ ಕೆಲಸ ಸರ್ವರ್‌ನಲ್ಲೇ ಆಗಬೇಕು. ಎಲ್ಲವನ್ನೂ ಕಳಿಸಿ ಪರದೆಯಲ್ಲಷ್ಟೇ ಅಡಗಿಸುವ ತಂತ್ರಾಂಶವಾದರೆ ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದವರಿಗೆ ಪೂರ್ತಿ ಕಾಣುತ್ತದೆ. ಬೇರೆಯವರ ಸಂಖ್ಯೆ ಹಾಕಿ ಕೇಳಿದರೂ ಇಲ್ಲದ ಸಂಖ್ಯೆ ಹಾಕಿ ಕೇಳಿದರೂ ಉತ್ತರ ಒಂದೇ ಇರಲಿ: "ದಾಖಲೆ ಸಿಗಲಿಲ್ಲ".

ಪ್ರತಿ ಸಂಸ್ಥೆಗೂ ಬೇರೆ ಕ್ಲೈಂಟ್ ಸರ್ಟಿಫಿಕೇಟ್ (ಸರ್ವರ್‌ಗೆ ತಾವು ಯಾರೆಂದು ತೋರಿಸುವ ಡಿಜಿಟಲ್ ಗುರುತುಪತ್ರ) ಕೊಡಿ, ಸಂಪರ್ಕವನ್ನು ಗುಪ್ತವಾಗಿಡುವ ಟಿಎಲ್‌ಎಸ್ 1.2 ಅಥವಾ 1.3 ಬಳಸಿ. ಸರ್ಟಿಫಿಕೇಟನ್ನು ಅವಧಿ ಮುಗಿಯುವ ಮುಂಚೆಯೇ ನವೀಕರಿಸಿ. ಸರಕು ಹೊರಡುವ ದಿನ ಸಂಪರ್ಕ ಕಡಿದರೆ ಅವಸರದಲ್ಲಿ ಪರಿಶೀಲನೆಯನ್ನೇ ಆಫ್ ಮಾಡುತ್ತಾರೆ, ಮತ್ತೆ ಆನ್ ಮಾಡುವುದು ಮರೆತೇಹೋಗುತ್ತದೆ.

ಖರೀದಿದಾರರಿಂದ, ಸಾಗಣೆಯವರಿಂದ ಬರುವ ದಾಖಲೆಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಸಾಗಣೆಯವರ ಸರ್ಟಿಫಿಕೇಟ್‌ನಲ್ಲಿ ಅವರ ಸ್ಥಳಗಳ ದಾಖಲೆಯಷ್ಟೇ ಒಳಬರಲಿ. ಒಂದೇ ಸಂಖ್ಯೆ ಪಣಂಬೂರಿನಲ್ಲೂ ನಿಮ್ಮ ಗೋದಾಮಿನಲ್ಲೂ ಒಂದೇ ಹೊತ್ತಿಗೆ ಕಂಡರೆ ಮೊದಲು ಎರಡೂ ರೀಡರುಗಳ ಗಡಿಯಾರ ನೋಡಿ. ಗಡಿಯಾರ ಸರಿಯಿದ್ದರೆ ನಕಲಿ ಟ್ಯಾಗ್ ಇರಬಹುದು. ಚಿಪ್ ತಯಾರಕರೇ ಬರೆದಿರುವ ಟಿಐಡಿ ಎಂಬ ಚಿಪ್ ಗುರುತನ್ನು ಹೋಲಿಸಿ. ಇದಕ್ಕಾಗಿ ಟ್ಯಾಗ್ ಬರೆಯುವಾಗಲೇ ಟಿಐಡಿಯನ್ನೂ ದಾಖಲಿಸಿಟ್ಟಿರಬೇಕು.