ದಾನಿಯೇಲ 5:12ರಲ್ಲಿ "ಯತ್ತೀರಾ" ಅಂದ್ರೆ ಏನು, ಅದು ಸ್ತ್ರೀಲಿಂಗ ಯಾಕೆ?

ಬೈಬಲ್ಲಿನ ದಾನಿಯೇಲ ಪುಸ್ತಕದ ಈ ಭಾಗ ಇರೋದು ಅರಾಮಿಕ್ ಭಾಷೇಲಿ. ದಾನಿಯೇಲ ಗಂಡಸು, ಆದ್ರೂ ರಾಣಿ ಅವನ ಬಗ್ಗೆ ಬಾಬೆಲಿನ ರಾಜ ಬೇಲ್ಶಚ್ಚರನಿಗೆ ಹೇಳೋವಾಗ "ರೂಅಹ್ ಯತ್ತೀರಾ" ಅಂತ ಸ್ತ್ರೀಲಿಂಗ ಯಾಕೆ ಬಂತು ಅಂತ ಕೇಳಿದೀರಲ್ವಾ. ಆ ವಿಶೇಷಣ ದಾನಿಯೇಲನಿಗೆ ಸೇರಿದ್ದಲ್ಲ, ಅವನೊಳಗಿರೋ ರೂಅಹ್‌ಗೆ, ಅಂದ್ರೆ ಆತ್ಮಕ್ಕೆ ಸೇರಿದ್ದು, ಅರಾಮಿಕ್‌ನಲ್ಲಿ ಆ ನಾಮಪದ ಸ್ತ್ರೀಲಿಂಗ ಅಷ್ಟೇ. ನಮಗೆ ದೊಡ್ಡ ಹುಡುಗ, ದೊಡ್ಡ ಹುಡುಗಿ, ದೊಡ್ಡ ಮನೆ ಎಲ್ಲಕ್ಕೂ ಒಂದೇ "ದೊಡ್ಡ" ಸಾಕು, ಅರಾಮಿಕ್‌ನಲ್ಲಿ ವಿಶೇಷಣ ನಾಮಪದ ಆದ್ಮೇಲೆ ಬಂದು ಅದರ ಲಿಂಗಾನೂ ಹಾಕ್ಕೊಳ್ಳುತ್ತೆ. ಪುಲ್ಲಿಂಗ ಯತ್ತೀರ್ 2:31ರಲ್ಲಿದೆ, ನೆಬೂಕದ್ನೆಚ್ಚರನ ಕನಸಿನ ಪ್ರತಿಮೆಯ ಹೊಳಪಿಗೆ.

ಅರ್ಥಕ್ಕೆ ಡಿಕ್ಷನರಿಗಳು "ಅತ್ಯಧಿಕ, ಅಸಾಧಾರಣ" ಅಂತೆಲ್ಲ ಕೊಡ್ತವೆ, ನಂಗೆ ಅದಕ್ಕಿಂತ ನಮ್ಮ "ಮಿಗಿಲು" ಸರಿ ಅನ್ಸುತ್ತೆ. ಯಾಕಂದ್ರೆ ಯ-ತ-ರ ಧಾತುವಿಗೆ ಉಳಿಯೋದು, ಮಿಕ್ಕೋದು ಅಂತಾನೂ ಅರ್ಥ ಇದೆ, ಹೀಬ್ರೂನಲ್ಲಿ ಯೆತೆರ್ ಅಂದ್ರೆ ಮಿಕ್ಕಿದ್ದು, ಕನ್ನಡದಲ್ಲೂ ನೋಡಿ, ಮಿಗು ಅನ್ನೋ ಒಂದೇ ಧಾತುವಿಂದ ಮಿಕ್ಕಿದ್ದೂ ಬಂತು ಮಿಗಿಲೂ ಬಂತು! ಸಂಬಂಧ ಏನಿಲ್ಲ, ಎರಡು ಕಡೆ ಜನ ಒಂದೇ ಥರ ಯೋಚಿಸಿದಾರೆ ಅಷ್ಟೇ.

ಇನ್ನು ಯತ್ತೀರಾದ ಕೊನೇಲಿರೋ "ಆ" ಬಗ್ಗೆ, ಅದು ಸ್ತ್ರೀಲಿಂಗದ ಗುರುತು. ಇಲ್ಲಿ ನಾನೂ ಎಡವಿದ್ದೆ. ಅರಾಮಿಕ್‌ನಲ್ಲಿ ಪುಲ್ಲಿಂಗ ನಾಮಪದಕ್ಕೆ "ಆ" ಸೇರಿಸಿದ್ರೆ "ಆ ನಿರ್ದಿಷ್ಟ ವಸ್ತು" ಅಂತಾಗುತ್ತೆ, ಹಂಗಾಗಿ 3:22ರಲ್ಲಿ "ಅತ್ತೂನಾ ಏಝೇ ಯತ್ತೀರಾ" ನೋಡಿ, ಅತ್ತೂನಾ ಅಂದ್ರೆ ಕುಲುಮೆ, ಅದಕ್ಕೂ ಆ, ಯತ್ತೀರಾಗೂ ಆ, ಜೋಡಿನೇ ಇರ್ಬೇಕು ಅಂದ್ಕೊಂಡಿದ್ದೆ. ತಪ್ಪು. ನಡುವಿನ ಏಝೇ (ಕಾಯಿಸಿದ್ದು) ಪುಲ್ಲಿಂಗ, ಅದಕ್ಕೆ ಹೊಂದ್ಕೋಬೇಕಿದ್ರೆ ಬರೀ ಯತ್ತೀರ್ ಸಾಕಿತ್ತು. ಅಲ್ಲಿ ಸ್ತ್ರೀಲಿಂಗ ರೂಪಾನೇ ಕ್ರಿಯಾವಿಶೇಷಣ ಆಗಿದೆ, "ಕುಲುಮೆ ವಿಪರೀತ ಕಾದಿತ್ತು" ಅಂತ. ನಮ್ಮ "ಹೆಚ್ಚು" ಥರ ಅನ್ಕೊಳ್ಳಿ, ಹೆಚ್ಚು ದುಡ್ಡು ಅಂತಾನೂ ಹೇಳ್ತೀವಿ, ಹೆಚ್ಚು ಬಿಸಿ ಅಂತಾನೂ ಹೇಳ್ತೀವಿ. 7:7ರ ನಾಲ್ಕನೇ ಮೃಗ "ತಕ್ಕೀಫಾ ಯತ್ತೀರಾ" ಅನ್ನೋದೂ ಹಿಂಗೇ, ವಿಪರೀತ ಬಲಶಾಲಿ.

ನಿಮ್ಮ 5:12ರಲ್ಲಿ ಮಾತ್ರ ಅದು ಶುದ್ಧ ವಿಶೇಷಣ, "ಒಂದು ಮಿಗಿಲಾದ ಆತ್ಮ". "ಆ ಆತ್ಮ" ಅಂತ ನಿರ್ದಿಷ್ಟವಾಗಿ ಹೇಳ್ಬೇಕಿದ್ರೆ ರೂಹಾ ಯತ್ತೀರ್ತಾ ಅಂತ "ತಾ" ಬರ್ತಿತ್ತು. ಹಾಂ, 6:3ರಲ್ಲಿ (ಮೂಲದ ಎಣಿಕೇಲಿ 6:4) ಇದೇ ಮಾತು ಮತ್ತೆ ಬರುತ್ತೆ, ಅಲ್ಲಿ ಕೊನೇ ಅಕ್ಷರ ಹೇ ಬದಲು ಆಲೆಫ್ ಇದೆ, ಅದು ಸ್ಪೆಲ್ಲಿಂಗ್ ವ್ಯತ್ಯಾಸ ಅಷ್ಟೇ, ಅರ್ಥ ಹುಡುಕಕ್ಕೆ ಹೋಗ್ಬೇಡಿ.